ಬಿಡುವಿನ ಪಾಠ: ಮುಂಬಯಿ ಗಿರಣಿಯವರ ಆದಿತ್ಯವಾರ

ಕಾಲೇಜು ವಿದ್ಯಾರ್ಥಿಗಳಾದ ನಾವು ದಿನಕ್ಕೆ ಹತ್ತು ಸಲವಾದರೂ ಆಡುವ ಮಾತು ‘ಪುರುಸೊತ್ತಿಲ್ಲ ಮಾರಾಯ’ ಎಂಬುದು. ಬೆಳಿಗ್ಗೆ ಲೋಕಲ್ ಟ್ರೇನು, ಮಧ್ಯಾಹ್ನದವರೆಗೆ ತರಗತಿ. ಆಮೇಲೆ ಕೆಲವರಿಗೆ ಟ್ಯೂಶನ್ ಹೇಳುವ ಕೆಲಸ, ಕೆಲವರಿಗೆ ಮಾವನ ಹೋಟೆಲಿನ ಗಲ್ಲಾ, ಕೆಲವರಿಗೆ ಯಾವುದೋ ಆಫೀಸಿನಲ್ಲಿ ಅರ್ಧ ದಿನದ ನೌಕರಿ. ಇನ್ನು ಕೆಲವರು ಹಗಲೆಲ್ಲ ದುಡಿದು ಸಂಜೆಯ ತರಗತಿಗೆ ಬರುವವರು. ಇದರ ಮೇಲೆ ಪರೀಕ್ಷೆ. ‘ಪರೀಕ್ಷೆ ಮುಗಿಯಲಿ, ಆಮೇಲೆ ಆರಾಮು ಮಾಡೋಣ’ ಎನ್ನುತ್ತೇವೆ. ಪರೀಕ್ಷೆ ಮುಗಿದ ಮೇಲೆ ನೌಕರಿಯ ಹುಡುಕಾಟ, ನೌಕರಿ ಸಿಕ್ಕಿದ ಮೇಲೆ ತಂಗಿಯ ಮದುವೆ. ಆರಾಮಿನ ದಿನ ಮಾತ್ರ ಮುಂದೆ ಮುಂದೆ ಓಡುತ್ತದೆ.

ಕೆಲಸದ ಕಾಲದಲ್ಲಿ ಬಿಡುವನ್ನು ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಉಪದೇಶದ ಧಾಟಿಯಲ್ಲಿ ಅಲ್ಲ, ಅಭ್ಯಾಸದ ಧಾಟಿಯಲ್ಲಿ ನೋಡೋಣ. ಇದಕ್ಕೆ ದೂರ ಹೋಗಬೇಕಾಗಿಲ್ಲ. ನಾವು ಓಡಾಡುವ ಪರೇಲು, ಮಹಾಲಕ್ಷ್ಮಿಗಳಲ್ಲೇ ಸುಮಾರು ನೂರಮೂವತ್ತೈದು ವರ್ಷಗಳ ಹಿಂದೆ ಸಾವಿರಾರು ಜನ ಇದೇ ಪ್ರಶ್ನೆಯನ್ನು ಕೇಳಿದ್ದರು; ಉತ್ತರವನ್ನೂ ಪಡೆದಿದ್ದರು.

1. ನಾಲ್ಕು ಮಾತುಗಳು

ಮೊದಲು ಮಾತುಗಳಿಂದ ಹೊರಡೋಣ. ಸಾಹಿತ್ಯ ಸಂಘದವರಿಗೆ ಅದೇ ಸಲೀಸು.

‘ರಜೆ’ ಎಂಬುದು ಅರಬ್ಬಿ ಮೂಲದ್ದು. ಒಪ್ಪಿಗೆ, ಅನುಮತಿ ಎಂಬುದು ಅದರ ಮೂಲ ಅರ್ಥ. ಅಂದರೆ ರಜೆ ಎನ್ನುವುದು ಇನ್ನೊಬ್ಬರು ಕೊಡುವಂಥದು. ಅದಕ್ಕೇ ನಾವು ರಜೆ ‘ಕೇಳುತ್ತೇವೆ’, ಅವರು ರಜೆ ‘ಮಂಜೂರು ಮಾಡುತ್ತಾರೆ’. ‘ಪುರುಸೊತ್ತು’ ಕೂಡ ಅರಬ್ಬಿ-ಪಾರಸಿಯ ‘ಫುರ್ಸತ್’ನಿಂದ ಬಂದದ್ದು, ಅನುಕೂಲವಾದ ಸಂದರ್ಭ, ಸಿಕ್ಕಿದ ಅವಕಾಶ ಎಂಬ ಅರ್ಥ. ಪುರುಸೊತ್ತು ಸಿಗುತ್ತದೆ, ಅಥವಾ ಸಿಗುವುದಿಲ್ಲ. ಅದು ಅದೃಷ್ಟವಿದ್ದ ಹಾಗೆ. ಬೆಳಗಾವಿ, ಧಾರವಾಡದ ಕಡೆಯ ಗೆಳೆಯರು ‘ಸೂಟಿ’ ಎನ್ನುತ್ತಾರೆ. ಅದು ಮರಾಠಿಯ ನೆರೆಯಿಂದ ಬಂದ ಮಾತು. ‘ಸುಟಣೆ’ ಎಂದರೆ ಕಳಚಿಕೊಳ್ಳುವುದು, ಬಿಡುಗಡೆಯಾಗುವುದು.

ನಾಲ್ಕನೆಯದು ನಮ್ಮ ಅಚ್ಚಗನ್ನಡದ ‘ಬಿಡುವು’. ಬಿಡು ಎಂಬ ಧಾತುವಿನಿಂದ ಬಂದದ್ದು. ನೊಗದಿಂದ ಎತ್ತನ್ನು ಬಿಡುತ್ತೇವೆ. ಶಾಲೆ ಬಿಟ್ಟಿತು ಎನ್ನುತ್ತೇವೆ. ಮಳೆ ಬಿಡುವು ಕೊಟ್ಟಿತು ಎನ್ನುತ್ತೇವೆ. ಇಲ್ಲಿ ಅನುಮತಿಯ ಮಾತೂ ಇಲ್ಲ, ಅದೃಷ್ಟದ ಮಾತೂ ಇಲ್ಲ. ಹಿಡಿದದ್ದನ್ನು ಬಿಡುವ ಒಂದು ಕ್ರಿಯೆ ಇದೆ. ಹಿಡಿಯುವುದು ಹೇಗೆ ಕೆಲಸವೋ ಬಿಡುವುದೂ ಹಾಗೇ ಒಂದು ಕೆಲಸ. ಸರಿಯಾದ ಹೊತ್ತಿಗೆ ಬಿಡಬೇಕು, ಬಿಟ್ಟದ್ದನ್ನು ಸರಿಯಾದ ಹೊತ್ತಿಗೆ ಮತ್ತೆ ಹಿಡಿಯಬೇಕು. ಈ ಭೇದ ಮನಸ್ಸಿನಲ್ಲಿರಲಿ. ಮುಂದಿನ ಕಥೆ ಪುರುಸೊತ್ತಿನಿಂದ ರಜೆಗೆ, ರಜೆಯಿಂದ ಬಿಡುವಿಗೆ ನಡೆದ ಪ್ರಯಾಣದ ಕಥೆಯೇ.

2. ಊರಿನ ಪಂಚಾಂಗ

ನಮ್ಮ ಹಳ್ಳಿಗಳಲ್ಲಿ ಬಿಡುವನ್ನು ಯಾರ ಇಷ್ಟಕ್ಕೂ ಬಿಟ್ಟಿರಲಿಲ್ಲ, ಪಂಚಾಂಗಕ್ಕೆ ಕಟ್ಟಿಹಾಕಿದ್ದರು. ಕರ್ನಾಟಕದ ಅನೇಕ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಹೊಲದಲ್ಲಿ ಹದವಿರಲಿ, ಗೌಡನಿಗೆ ಅವಸರವಿರಲಿ, ಸೋಮವಾರ ಎಂದರೆ ಸೋಮವಾರ. ಎತ್ತಿಗೆ ಬಿಡುವಾದರೆ ನೇಗಿಲು ಹಿಡಿಯುವವನಿಗೂ ನೇಗಿಲಿನಿಂದ ಬಿಡುವು. ಇನ್ನು ಜ್ಯೇಷ್ಠ ಮಾಸದ ಕಾರಹುಣ್ಣಿಮೆ. ಮುಂಗಾರಿನ ಕೆಲಸ ಮೈಮೇಲೆ ಬಂದಿರುವ ಹೊತ್ತಿಗೇ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮೆರವಣಿಗೆ ಮಾಡಿ ಕೂಡಿಸುತ್ತಾರೆ. ಕೆಲಸ ಕಡಿಮೆ ಇದ್ದಾಗ ಅಲ್ಲ, ಕೆಲಸ ಹೆಚ್ಚಾಗುವ ಕಾಲದಲ್ಲಿ ಬರುವ ಹಬ್ಬ ಇದು ಎಂಬುದನ್ನು ಗಮನಿಸಿ.

ದಕ್ಷಿಣ ಕನ್ನಡದವರಿಗೆ ಪತ್ತನಾಜೆ ಗೊತ್ತು. ವೃಷಭ ಮಾಸದ ಹತ್ತನೆಯ ದಿನ, ಸಾಧಾರಣವಾಗಿ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಜಾತ್ರೆ, ಕೋಲ, ಆಟ ಎಲ್ಲವೂ ಅಲ್ಲಿಗೆ ನಿಲ್ಲುತ್ತವೆ; ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಚೆ. ಎಷ್ಟೇ ಜನಪ್ರಿಯ ಭಾಗವತರಿರಲಿ, ಪತ್ತನಾಜೆಯ ಮಾತಿಗೆ ಎದುರಿಲ್ಲ.

ಇದರಲ್ಲಿ ಎಲ್ಲವೂ ಸುಖವಾಗಿತ್ತು ಎಂದು ಭಾವಿಸಬೇಕಾಗಿಲ್ಲ. ಆಟಿ ತಿಂಗಳಿನ ಬಿಡುವು ಬಡವರಿಗೆ ಹಸಿವಿನ ಬಿಡುವೂ ಆಗಿತ್ತು. ಆದರೂ ಈ ಏರ್ಪಾಡಿನಲ್ಲಿ ಮೂರು ಗುಣಗಳಿದ್ದವು. ಒಂದು, ದಿನ ಮೊದಲೇ ಗೊತ್ತಿತ್ತು. ಎರಡು, ಅದು ಎಲ್ಲರಿಗೂ ಒಂದೇ ದಿನವಾಗಿತ್ತು. ಮೂರು, ಅದು ದಣಿದ ಮೇಲೆ ಬರುವುದಾಗಿರಲಿಲ್ಲ. ದಣಿದಿರಲಿ ಬಿಡಲಿ, ತನ್ನ ದಿನಕ್ಕೆ ತಾನು ಬರುತ್ತಿತ್ತು.

ಊರು ಬಿಟ್ಟು ಮುಂಬಯಿಗೆ ಬಂದವನ ಹಾಸಿಗೆ ಸುರುಳಿಯಲ್ಲಿ ಈ ಪಂಚಾಂಗ ಮಾತ್ರ ಬರಲಿಲ್ಲ. ಈಗಲೂ ನೋಡಿ, ಊರಿನಲ್ಲಿ ಗೆಜ್ಜೆ ಬಿಚ್ಚಿದ ಕಲಾವಿದರೇ ಮಳೆಗಾಲದಲ್ಲಿ ಮುಂಬಯಿಗೆ ಬಂದು ನಮ್ಮ ಸಭಾಗೃಹಗಳಲ್ಲಿ ಆಟ ಆಡುತ್ತಾರೆ. ಶಹರದ ಕ್ರಮವೇ ಬೇರೆ.

3. ಗಿರಣಿಯ ಭೋಂಗಾ

ಮುಂಬಯಿಯ ಮೊದಲನೆಯ ಹತ್ತಿ ಗಿರಣಿಯನ್ನು ಕಾವಸಜಿ ದಾವರ್ ಎಂಬವರು 1854ರಲ್ಲಿ ಸ್ಥಾಪಿಸಿದರು. ತಾರದೇವಿನ ಆ ಗಿರಣಿ 1856ರಲ್ಲಿ ನೂಲು ತೆಗೆಯತೊಡಗಿತು. ಮುಂದಿನ ಮೂವತ್ತು ವರ್ಷಗಳಲ್ಲಿ ಪರೇಲು, ಲಾಲ್‌ಬಾಗ್, ಭಾಯಖಳಾದ ಆಕಾಶದ ತುಂಬ ಚಿಮಣಿಗಳು ಎದ್ದವು. ಕೊಂಕಣದಿಂದ, ಘಟ್ಟದ ಮೇಲಿನಿಂದ ಜನ ಬಂದು ಚಾಳುಗಳನ್ನು ತುಂಬಿದರು.

ಗಿರಣಿಯಲ್ಲಿ ಕೆಲಸ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ವಾರಕ್ಕೊಂದು ದಿನ ಬಿಡುವು ಎಂಬ ನಿಯಮ ಇರಲಿಲ್ಲ. ದೊಡ್ಡ ಹಬ್ಬಗಳಿಗೆ ಗಿರಣಿ ಮುಚ್ಚುತ್ತಿತ್ತು. ಆದಿತ್ಯವಾರ ಕೆಲವು ಕಡೆ ಯಂತ್ರಗಳನ್ನು ಶುಚಿ ಮಾಡಲು ನಿಲ್ಲಿಸುತ್ತಿದ್ದರೂ, ಶುಚಿ ಮಾಡಬೇಕಾದವನು ಅದೇ ಕಾರ್ಮಿಕ. ಯಂತ್ರಕ್ಕೆ ಬಿಡುವು ಸಿಕ್ಕಿತು, ಯಂತ್ರ ನಡೆಸುವವನಿಗೆ ಸಿಗಲಿಲ್ಲ.

1881ರಲ್ಲಿ ಹಿಂದುಸ್ತಾನದ ಮೊದಲನೆಯ ಕಾರ್ಖಾನೆ ಕಾಯಿದೆ ಬಂತು. ಅದು ಕಣ್ಣೆತ್ತಿ ನೋಡಿದ್ದು ಮಕ್ಕಳನ್ನು ಮಾತ್ರ. ಏಳರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಒಂದು ಗಂಟೆ ವಿಶ್ರಾಂತಿ, ತಿಂಗಳಿಗೆ ನಾಲ್ಕು ರಜೆ. ಏಳು ವರ್ಷದ ಮಗುವಿಗೆ ಒಂಬತ್ತು ಗಂಟೆ! ಅದೇ ಆ ಕಾಲದ ಸುಧಾರಣೆ. ದೊಡ್ಡವರಿಗೆ ಅದರಲ್ಲಿ ಏನೂ ಇರಲಿಲ್ಲ.

ಬಿಡುವು ಕೊಡದಿದ್ದರೆ ದೇಹ ಸುಮ್ಮನಿರುತ್ತದೆಯೆ? ಇಲ್ಲ. ಕಾಯಿಲೆ ಬಿದ್ದು, ಇಲ್ಲವೇ ಬಿತ್ತನೆ-ಸುಗ್ಗಿಗೆಂದು ಊರಿಗೆ ಹೋಗಿ ತಿಂಗಳುಗಟ್ಟಲೆ ಬಾರದೆ, ಅದು ತನ್ನ ಪಾಲನ್ನು ತಾನೇ ಎಳೆದುಕೊಳ್ಳುತ್ತದೆ. ಬಾರದವನ ಜಾಗದಲ್ಲಿ ‘ಬದಲಿ’ ಆಳು. ಗಿರಣಿಗಳಲ್ಲಿ ಬದಲಿ ಪದ್ಧತಿಯೇ ಬೆಳೆದು ನಿಂತಿತು. ಅಳತೆಯಿಲ್ಲದೆ, ಹೇಳದೆ ಕೇಳದೆ ಬರುವ ಇಂಥ ಬಿಡುವಿನಿಂದ ಕೂಲಿಯೂ ಹೋಗುತ್ತಿತ್ತು, ಕೆಲಸವೂ ಕೆಡುತ್ತಿತ್ತು.

ಇಲ್ಲಿ ಬರುವವರು ನಾರಾಯಣ ಮೇಘಾಜಿ ಲೋಖಂಡೆ. 1848ರಲ್ಲಿ ಹುಟ್ಟಿದವರು, ಜೋತಿರಾವ್ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತರು, ‘ದೀನಬಂಧು’ ಪತ್ರಿಕೆಯ ಸಂಪಾದಕರು. ಗಿರಣಿಯೊಂದರಲ್ಲಿ ಸ್ಟೋರ್‌ಕೀಪರ್ ಕೆಲಸ ಮಾಡಿದ್ದರಿಂದ ಒಳಗಿನ ಬದುಕು ಅವರಿಗೆ ಗೊತ್ತಿತ್ತು. 1884ರ ಸೆಪ್ಟೆಂಬರಿನಲ್ಲಿ ಅವರು ಪರೇಲಿನಲ್ಲಿ ಗಿರಣಿ ಕಾರ್ಮಿಕರ ಸಭೆ ಕರೆದರು. ಮುಂಬಯಿ ಸರಕಾರ ನೇಮಿಸಿದ್ದ ಕಾರ್ಖಾನೆ ಆಯೋಗಕ್ಕೆ ಒಂದು ಅರ್ಜಿ ಸಿದ್ಧವಾಯಿತು. ಅದಕ್ಕೆ ಸುಮಾರು 5,500 ಜನ ರುಜು ಹಾಕಿದರು. ಅರ್ಜಿಯ ಬೇಡಿಕೆಗಳು ಇಷ್ಟು: ಪ್ರತಿ ಆದಿತ್ಯವಾರ ಪೂರ್ತಿ ಬಿಡುವು, ಪ್ರತಿ ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಬೆಳಿಗ್ಗೆ ಆರೂವರೆಗೆ ಆರಂಭವಾಗಿ ಸೂರ್ಯಾಸ್ತಕ್ಕೆ ಕೆಲಸ ಮುಗಿಯುವುದು, ಮುಂದಿನ ತಿಂಗಳ ಹದಿನೈದರೊಳಗೆ ಸಂಬಳ, ಕೆಲಸದಲ್ಲಿ ಪೆಟ್ಟಾದವನಿಗೆ ಗುಣವಾಗುವವರೆಗೆ ಪೂರ್ತಿ ಕೂಲಿ, ಅಂಗವಿಕಲನಾದರೆ ಜೀವನಾಂಶ.

ಕೂಲಿ ಹೆಚ್ಚಿಸಿ ಎಂಬ ಬೇಡಿಕೆ ಇದರಲ್ಲಿ ಇಲ್ಲ. ಐದರಲ್ಲಿ ಮೊದಲ ಮೂರೂ ಹೊತ್ತಿಗೆ ಸಂಬಂಧಪಟ್ಟವು.

ಆದಿತ್ಯವಾರವೇ ಏಕೆ? ಸರಕಾರಿ ಕಚೇರಿಗಳಿಗೆ ಕ್ರೈಸ್ತ ಪದ್ಧತಿಯಂತೆ ಅಂದೇ ರಜೆ ಇತ್ತು ಎಂಬುದು ಒಂದು ಕಾರಣ ಇರಬಹುದು. ಆದರೆ ಲೋಖಂಡೆ ಕೊಟ್ಟ ಕಾರಣ ಇನ್ನೊಂದು: ಆದಿತ್ಯವಾರ ಖಂಡೋಬನ ವಾರ. ಈ ಖಂಡೋಬ ನಮಗೆ ಹೊರಗಿನವನಲ್ಲ. ಕನ್ನಡಿಗರು ಮೈಲಾರಲಿಂಗ ಎಂದು ಕರೆಯುವ ದೇವರೇ ಆತ. ನಮ್ಮ ಮೈಲಾರನ ಒಕ್ಕಲಿಗೂ ಆದಿತ್ಯವಾರವೇ ವಾರ. ಹೊಲದಲ್ಲಿ ಬಸವಣ್ಣನ ಸೋಮವಾರ ಮಾಡುತ್ತಿದ್ದ ಕೆಲಸವನ್ನು ಗಿರಣಿಯಲ್ಲಿ ಖಂಡೋಬನ ಆದಿತ್ಯವಾರ ಮಾಡಬೇಕಾಯಿತು. ಹಳ್ಳಿಯಿಂದ ಬರುವಾಗ ಕಳೆದುಹೋದ ಪಂಚಾಂಗದ ಒಂದು ಹಾಳೆಯನ್ನು ಆ ಜನ ಶಹರದ ಗೋಡೆಗೆ ಮತ್ತೆ ಅಂಟಿಸಿದರು.

ಆದರೆ ಅರ್ಜಿ ಕೊಟ್ಟ ಮಾತ್ರಕ್ಕೆ ಆಗಲಿಲ್ಲ. ಆರು ವರ್ಷ ಹೋಯಿತು. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಬಯಲಿನಲ್ಲಿ ಸುಮಾರು ಹತ್ತು ಸಾವಿರ ಕಾರ್ಮಿಕರು ಕೂಡಿದರು. ಇಬ್ಬರು ಕಾರ್ಮಿಕ ಸ್ತ್ರೀಯರು ಆ ಸಭೆಯಲ್ಲಿ ಭಾಷಣ ಮಾಡಿದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಕೊನೆಗೆ 1890ರ ಜೂನ್ 10ರಂದು ಗಿರಣಿ ಮಾಲಿಕರ ಸಂಘ ವಾರದ ರಜೆಗೆ ಒಪ್ಪಿತು. ಮರುವರ್ಷ, 1891ರ ಕಾಯಿದೆಯಲ್ಲಿ ವಾರಕ್ಕೊಂದು ರಜೆಯೂ ಮಧ್ಯಾಹ್ನದ ಅರ್ಧ ಗಂಟೆಯೂ ಸೇರಿದವು. ಮಾಲಿಕರ ಅನುಮತಿಯಾಗಿದ್ದ ‘ರಜೆ’ ಕಾರ್ಮಿಕರ ಹಕ್ಕಾಗಿ ‘ಬಿಡುವು’ ಆದದ್ದು ಹೀಗೆ. ಲೋಖಂಡೆ 1897ರಲ್ಲಿ, ಮುಂಬಯಿಯ ಪ್ಲೇಗಿನ ಕಾಲದಲ್ಲಿ ತೀರಿಕೊಂಡರು. 2005ರಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಚೀಟಿಯನ್ನು ಹೊರಡಿಸಿತು.

4. ದೀಪ ಬಂತು, ರಾತ್ರಿ ಹೋಯಿತು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ವಾರದ ದಿನವೇನೋ ಸಿಕ್ಕಿತು, ದಿನದ ಹೊತ್ತು ಭದ್ರವಾಗಲಿಲ್ಲ. ಅದುವರೆಗೆ ಗಂಡಸರ ಕೆಲಸದ ಹೊತ್ತಿಗೆ ಕಾಯಿದೆಯ ಮಿತಿ ಇರದಿದ್ದರೂ ಸೂರ್ಯನ ಮಿತಿ ಇತ್ತು. ಕತ್ತಲಾದರೆ ನೂಲು ಕಾಣುವುದಿಲ್ಲ, ಕೆಲಸ ನಿಲ್ಲಲೇಬೇಕು. 1905ರ ಸುಮಾರಿಗೆ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ ದೀಪ ಬಂತು. ಅದು ಬಟ್ಟೆಗೆ ಒಳ್ಳೆಯ ಬೇಡಿಕೆ ಇದ್ದ ಕಾಲ. ಕೆಲಸದ ಹೊತ್ತು ಹದಿನಾಲ್ಕು, ಹದಿನೈದು ಗಂಟೆಗೆ ಬೆಳೆಯಿತು. ದೀಪ ಎಲ್ಲ ಕಡೆ ಜ್ಞಾನದ ಸಂಕೇತ ಎಂದು ನಾವು ಪ್ರಬಂಧಗಳಲ್ಲಿ ಬರೆಯುತ್ತೇವೆ. ಗಿರಣಿಯವನಿಗೆ ಮಾತ್ರ ಅದು ರಾತ್ರಿಯನ್ನು ಕದ್ದ ಕಳ್ಳ.

ಕಾರ್ಮಿಕರು ಪ್ರತಿಭಟಿಸಿದರು, ಆಯೋಗಗಳು ಕೂತವು. 1911ರ ಕಾಯಿದೆ ಬಟ್ಟೆ ಗಿರಣಿಗಳ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ದಿನಕ್ಕೆ 11, ವಾರಕ್ಕೆ 60 ಆಯಿತು. 1934ರಲ್ಲಿ ದಿನಕ್ಕೆ 10, ವಾರಕ್ಕೆ 54. ಸ್ವಾತಂತ್ರ್ಯದ ನಂತರ 1948ರ ಕಾಯಿದೆಯಲ್ಲಿ ದಿನಕ್ಕೆ 9, ವಾರಕ್ಕೆ 48; ಐದು ಗಂಟೆ ಕೆಲಸದ ಮೇಲೆ ಅರ್ಧ ಗಂಟೆಯ ವಿರಾಮ ಇಲ್ಲದೆ ದುಡಿಸಕೂಡದು ಎಂಬ ನಿಯಮವೂ ಅದರಲ್ಲಿತ್ತು. ಸೂರ್ಯ ಹಾಕಿದ ಗೆರೆ ಅಳಿಸಿಹೋದ ಮೇಲೆ ಮನುಷ್ಯರೇ ಗೆರೆ ಎಳೆಯಬೇಕಾಯಿತು. ಅದಕ್ಕೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1982ರ ಜನವರಿ 18ರಂದು ಆರಂಭವಾದ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಭೋಂಗಾ ಕೂಗುತ್ತಿದ್ದ ಎಷ್ಟೋ ಜಾಗಗಳಲ್ಲಿ ಇಂದು ಮಾಲುಗಳಿವೆ, ಆಫೀಸುಗಳಿವೆ. ಆದರೆ ದೀಪದ ಪಾಠ ಹಳತಾಗಿಲ್ಲ. ನಮ್ಮ ಕಿಸೆಯಲ್ಲಿರುವ ಮೊಬೈಲು ಇದೇ ಜಾತಿಯ ದೀಪ. ಅದು ಬರುವ ಮೊದಲು ಕಾಲೇಜಿನ ಕೆಲಸ ಕಾಲೇಜಿನಲ್ಲಿ ಮುಗಿಯುತ್ತಿತ್ತು, ಆಫೀಸಿನ ಕೆಲಸ ಆಫೀಸಿನಲ್ಲಿ. ಈಗ ರಾತ್ರಿ ಹನ್ನೊಂದಕ್ಕೂ ‘ನೋಟ್ಸ್ ಕಳಿಸು’ ಎಂಬ ಸಂದೇಶ ಬರುತ್ತದೆ. ಹಗಲನ್ನು ಉದ್ದ ಮಾಡುವ ಸಾಧನ ಕೈಗೆ ಬಂದಾಗಲೆಲ್ಲ, ಹಗಲು ಎಲ್ಲಿ ಮುಗಿಯಬೇಕೆಂದು ನಾವೇ ಹೇಳಬೇಕಾಗುತ್ತದೆ.

5. ಬಿಡುವು ಕೆಲಸಕ್ಕೆ ಶತ್ರುವೇ?

ಕಾಯಕದ ಮಹಿಮೆ ಹೇಳಿದ ಶರಣರ ನಾಡಿನವರು ನಾವು. ಸುಮ್ಮನೆ ಕೂತರೆ ತಪ್ಪು ಮಾಡಿದ ಹಾಗೆ ಮನಸ್ಸು ಚುಚ್ಚುತ್ತದೆ. ಅದರಲ್ಲೂ ಪರೀಕ್ಷೆಯ ಮುಂಚೆ ಒಂದು ಗಂಟೆ ಕಣ್ಣು ಮುಚ್ಚಿದರೆ, ‘ಅಷ್ಟರಲ್ಲಿ ಎರಡು ಪಾಠ ಆಗುತ್ತಿತ್ತಲ್ಲ!’ ಎಂಬ ಲೆಕ್ಕ. ಈ ಲೆಕ್ಕ ಸರಿಯೇ ಎಂದು ಮೂರು ಕಡೆ ಪರೀಕ್ಷಿಸಿದ್ದಾರೆ.

ಮೊದಲನೆಯದು ಕಾರ್ಖಾನೆಯ ಮಾತು. ಮೊದಲನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ವಾರದ ಏಳೂ ದಿನ ಕೆಲಸ ಮಾಡಿಸುತ್ತಿದ್ದರು. ದೇಶಕ್ಕೆ ಅಷ್ಟು ಅವಸರ. 1915ರಲ್ಲಿ ಸರಕಾರವೇ ನೇಮಿಸಿದ ಒಂದು ಸಮಿತಿ ತನ್ನ ಮೊಟ್ಟಮೊದಲ ವರದಿಯನ್ನು ಆದಿತ್ಯವಾರದ ಕೆಲಸದ ಮೇಲೆಯೇ ಬರೆಯಿತು. ಹೆಚ್ಚಿನ ಉತ್ಪಾದನೆ ಬಹುಕಾಲ ನಡೆಯಬೇಕಿದ್ದರೆ ವಾರಕ್ಕೊಂದು ಬಿಡುವು ಬೇಕೇ ಬೇಕು ಎಂಬುದು ಅದರ ತೀರ್ಮಾನ. ಯುದ್ಧ ಗೆಲ್ಲುವ ಅವಸರದಲ್ಲಿದ್ದವರೂ ಕಂಡುಕೊಂಡ ಸತ್ಯ ಇದು.

ಎರಡನೆಯದು ಓದಿನ ಮಾತು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವಿನ ಲೆಕ್ಕ ಹಾಕಿ 1885ರಲ್ಲಿ ಪುಸ್ತಕ ಬರೆದ. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ ಕೂತು 68 ಸಲ ಓದಿದರೆ ಮರುದಿನಕ್ಕೆ ಎಷ್ಟು ಪ್ರಯೋಜನವೋ, ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದರೂ ಅಷ್ಟೇ ಪ್ರಯೋಜನ ಎಂದು ಅವನು ಕಂಡ. ಹೆಚ್ಚುಕಡಿಮೆ ಅರ್ಧ ದುಡಿಮೆ! ಉಳಿದ ಕೆಲಸವನ್ನು ಮಾಡಿದ್ದು ನಡುವಿನ ಬಿಡುವು.

ಮೂರನೆಯದು ನಿದ್ದೆ. 1924ರಲ್ಲಿ ಅಮೆರಿಕದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬವರು ಇಬ್ಬರು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಹತ್ತು ಗುಚ್ಛಗಳನ್ನು ಕಲಿತು, ಒಮ್ಮೆ ನಿದ್ದೆ ಮಾಡಿ, ಇನ್ನೊಮ್ಮೆ ಎಚ್ಚರವಿದ್ದು, ಗಂಟೆಗಳ ಮೇಲೆ ಒಪ್ಪಿಸಬೇಕು. ಎಂಟು ಗಂಟೆಯ ನಂತರ ನಿದ್ದೆ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಎಚ್ಚರವಿದ್ದಾಗ ಹತ್ತರಲ್ಲಿ ಒಂದರಷ್ಟು ಮಾತ್ರ. ಇಬ್ಬರ ಮೇಲಿನ ಪ್ರಯೋಗ ಸಣ್ಣದೇ. ಆದರೆ ಕಲಿತದ್ದು ನಿಲ್ಲಲು ನಿದ್ದೆ ನೆರವಾಗುತ್ತದೆ ಎಂಬುದನ್ನು ಆಮೇಲಿನ ಎಷ್ಟೋ ಪ್ರಯೋಗಗಳು ಗಟ್ಟಿಮಾಡಿವೆ. ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಬೆಳಗು ಮಾಡುವವನು ಒಂದು ಕೈಯಲ್ಲಿ ತುಂಬುತ್ತಾನೆ, ಇನ್ನೊಂದು ಕೈಯಲ್ಲಿ ಚೆಲ್ಲುತ್ತಾನೆ.

6. ನಮ್ಮ ಅರ್ಜಿ

ಇನ್ನು ನಮ್ಮ ವಿಚಾರ. ವಾರಕ್ಕೆ 168 ಗಂಟೆ. ಅರ್ಧ ದಿನದ ಕೆಲಸವಿರುವ ಒಬ್ಬ ವಿದ್ಯಾರ್ಥಿಯ ಲೆಕ್ಕ ಹಾಕೋಣ. ನಿದ್ದೆ ದಿನಕ್ಕೆ 8ರಂತೆ 56. ಕಾಲೇಜು 30. ಟ್ರೇನಿನ ಓಡಾಟ 12. ಕೆಲಸ 24. ಸ್ವಂತ ಓದು ದಿನಕ್ಕೆ 3ರಂತೆ 21. ಸ್ನಾನ, ಊಟ, ಬಟ್ಟೆಬರೆ 14. ಒಟ್ಟು 157. ಉಳಿದದ್ದು 11 ಗಂಟೆ. ‘ಪುರುಸೊತ್ತಿಲ್ಲ’ ಎನ್ನುವವನ ಹತ್ತಿರವೂ 11 ಗಂಟೆ ಇದೆ. ಆದರೆ ಅದು ಚಿಲ್ಲರೆಯಾಗಿ ಹರಿದುಹೋಗುತ್ತದೆ: ಇಲ್ಲಿ ಹತ್ತು ನಿಮಿಷ, ಅಲ್ಲಿ ಕಾಲು ಗಂಟೆ, ಮೊಬೈಲು ನೋಡುತ್ತ ಅರ್ಧ ಗಂಟೆ. ಚಿಲ್ಲರೆಯನ್ನು ಕೂಡಿಸಿ ನೋಟು ಮಾಡಿಕೊಳ್ಳುವುದೇ ಉಪಾಯ. ಅದಕ್ಕೆ ಗಿರಣಿಯವರ ಅರ್ಜಿಯ ಮೊದಲ ಮೂರು ಬೇಡಿಕೆಗಳನ್ನೇ ಎರವಲು ತರೋಣ.

ಒಂದು: ವಾರಕ್ಕೆ ಒಂದು ತುಂಡು. ಆದಿತ್ಯವಾರ ಮಧ್ಯಾಹ್ನದಿಂದ ಸಂಜೆಯವರೆಗೆ ಆರು ಗಂಟೆ. ವೇಳಾಪಟ್ಟಿ ಬರೆಯುವಾಗ ಇದನ್ನು ಮೊದಲು ಬರೆಯಬೇಕು, ಉಳಿದದ್ದನ್ನು ಅದರ ಸುತ್ತ. ಕೊನೆಗೆ ಬರೆಯಲು ಹೋದರೆ ಜಾಗವೇ ಇರುವುದಿಲ್ಲ.

ಎರಡು: ದಿನಕ್ಕೆ ಅರ್ಧ ಗಂಟೆ. ಉಳಿದ ಆರು ದಿನಕ್ಕೆ ಮೂರು ಗಂಟೆ ಆಯಿತು. ತಲೆನೋವು ಬಂದ ಮೇಲೆ ಎದ್ದು ಹೋಗುವುದಲ್ಲ, ನೊಗ ಇಳಿಸುವ ಹೊತ್ತನ್ನು ಮೊದಲೇ ಗೊತ್ತುಮಾಡುವುದು. ಈ ಅರ್ಧ ಗಂಟೆಯಲ್ಲಿ ಕಣ್ಣಿಗೆ ಅಕ್ಷರ ಬೇಡ, ಕಿವಿಗೆ ಪಾಠ ಬೇಡ. ಸಮುದ್ರದ ದಂಡೆ ಹತ್ತಿರವಿದ್ದವರು ಪುಣ್ಯವಂತರು. ಇಲ್ಲದವರಿಗೆ ಚಾಳಿನ ಗ್ಯಾಲರಿಯೂ ಸಾಕು.

ಮೂರು: ಕೆಲಸಕ್ಕೆ ಒಂದು ಸೂರ್ಯಾಸ್ತ. ಹತ್ತೂವರೆಯೋ ಹನ್ನೊಂದೋ, ನಿಮ್ಮ ಮನೆಯ ಅನುಕೂಲದಂತೆ. ಆ ಹೊತ್ತಿಗೆ ಪುಸ್ತಕ ಮುಚ್ಚಬೇಕು, ಮೊಬೈಲು ದೂರ ಇಡಬೇಕು.

ಇಷ್ಟಾದರೂ ಇನ್ನೂ ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. ಅದು ಟ್ರೇನು ತಪ್ಪಿದ್ದಕ್ಕೆ, ನೆಂಟರು ಬಂದದ್ದಕ್ಕೆ.

ಸಂಜೆ ಕಾಲೇಜಿನ ಗೆಳೆಯರು ‘ಇದೆಲ್ಲ ನಿಮಗೆ ಆಯಿತು, ನಮಗೆ?’ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮುಂದೆ ಬಂದವರ ಪರಂಪರೆ ಮುಂಬಯಿ ಕನ್ನಡಿಗರದು. ಅವರ ಛಲವನ್ನು ನಾವು ಸಭೆಗಳಲ್ಲಿ ಹೊಗಳುತ್ತೇವೆ, ಅವರ ನಿದ್ದೆಯ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ದಿನಕ್ಕೆ 9 ಗಂಟೆಯಂತೆ ಆರು ದಿನ ಕೆಲಸ 54, ತರಗತಿ 15, ನಿದ್ದೆ 7ರಂತೆ 49, ಓಡಾಟ 12, ಊಟ-ಸ್ನಾನ 14. ಒಟ್ಟು 144. ಉಳಿದದ್ದು 24. ಪೂರ್ತಿ 24ನ್ನೂ ಓದಿಗೆ ಕೊಡುವುದೇ ಸಾಮಾನ್ಯ. 18 ಓದಿಗೆ, 6 ಬಿಡುವಿಗೆ ಕೊಟ್ಟು ಒಂದು ತಿಂಗಳು ನೋಡಿ ಎಂಬುದು ನನ್ನ ಸೂಚನೆ. ಎಬ್ಬಿಂಗ್‌ಹೌಸನ ಲೆಕ್ಕ ಸರಿಯಿದ್ದರೆ ನಷ್ಟವಾಗಲಾರದು.

ಆದರೆ ವಾರಕ್ಕೆ ಒಂದು ದಿನವೂ ಬಿಡದ ಮಾಲಿಕನ ಹತ್ತಿರ ಇರುವವನಿಗೆ ವೇಳಾಪಟ್ಟಿಯ ಉಪದೇಶ ಸಾಲದು. ಅವನ ಹೊತ್ತು ಅವನ ಕೈಯಲ್ಲಿಲ್ಲ. ಅಲ್ಲಿ ಬೇಕಾದದ್ದು 1884ರ ಅರ್ಜಿಯ ಇನ್ನೊಂದು ಪಾಠ: ಒಬ್ಬನೇ ಕೇಳಿದರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ, ಎಲ್ಲರೂ ಕೂಡಿ ಒಂದೇ ದಿನವನ್ನು ಕೇಳಿದರೆ ಅದು ಬೇಡಿಕೆಯಾಗುತ್ತದೆ. ಇದು ಖೋಲಿಯೊಳಗೂ ನಿಜ. ನಾಲ್ವರು ಒಟ್ಟಿಗೆ ಇದ್ದು ಒಬ್ಬ ಮಾತ್ರ ಪುಸ್ತಕ ಮುಚ್ಚಿದರೆ ಉಳಿದ ಮೂವರ ಪುಟ ತಿರುಗಿಸುವ ಸದ್ದು ಅವನನ್ನು ಮಲಗಗೊಡುವುದಿಲ್ಲ. ನಾಲ್ವರೂ ಕೂಡಿ ‘ಆದಿತ್ಯವಾರ ಸಂಜೆ ಸಿಲೆಬಸ್ಸಿನ ಮಾತಿಲ್ಲ’ ಎಂದು ಗೊತ್ತುಮಾಡಿಕೊಂಡರೆ ನಾಲ್ವರಿಗೂ ನಿರಾಳ.

ನಮ್ಮ ಸಂಘದ ಕಾರ್ಯಕ್ರಮ ಬಿಡುವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಕೂತು ಕೇಳುವವನಿಗೆ ಹೌದು. ಕುರ್ಚಿ ಹಾಕುವವನಿಗೆ, ಅತಿಥಿಗಳನ್ನು ಸ್ಟೇಶನ್ನಿನಿಂದ ಕರೆತರುವವನಿಗೆ, ಈ ಪತ್ರಿಕೆಯ ಸ್ಟೆನ್ಸಿಲ್ ಕೊರೆಯುವವನಿಗೆ ಅದೂ ಕೆಲಸವೇ. ಆ ಕೆಲಸ ಪ್ರತಿ ಸಲ ಒಬ್ಬರದೇ ಆಗದಂತೆ ಸರದಿ ಮಾಡಿಕೊಂಡರೆ ಒಳ್ಳೆಯದು.

7. ಮನೆಯೊಳಗಿನ ಗಿರಣಿ

1890ರ ಸಭೆಯಲ್ಲಿ ಮಾತಾಡಿದ ಆ ಇಬ್ಬರು ಸ್ತ್ರೀಯರನ್ನು ಮತ್ತೆ ನೆನೆಯೋಣ. ಅವರಿಗೂ ಆದಿತ್ಯವಾರ ಸಿಕ್ಕಿತು; ಗಿರಣಿಯಿಂದ ಸಿಕ್ಕಿತು. ಮನೆಗೆ ಬಂದರೆ ಒಲೆ, ನಲ್ಲಿಯ ನೀರು, ಒಗೆಯುವ ಬಟ್ಟೆ. ವಾರದ ಆರು ದಿನ ಉಳಿಸಿಟ್ಟ ಮನೆಗೆಲಸವೆಲ್ಲ ಏಳನೆಯ ದಿನಕ್ಕೆ. ಯಾವ ಕಾಯಿದೆಯೂ ಅಡುಗೆಮನೆಯ ಹೊತ್ತನ್ನು ಅಳೆಯಲಿಲ್ಲ.

ಇಂದು ನಮ್ಮ ಮನೆಗಳಲ್ಲಿ ಆದಿತ್ಯವಾರ ಹೇಗಿದೆ? ಗಂಡುಮಕ್ಕಳು ತಡವಾಗಿ ಏಳುತ್ತೇವೆ. ‘ಇವತ್ತು ಏನಾದರೂ ವಿಶೇಷ ಮಾಡಮ್ಮಾ’ ಎನ್ನುತ್ತೇವೆ. ನಮ್ಮ ಬಿಡುವಿನ ದಿನವೇ ಅಮ್ಮನಿಗೆ ವಾರದ ಅತಿ ಭಾರದ ದಿನ. ತಂಗಿಗೂ ನಮ್ಮಷ್ಟೇ ಪರೀಕ್ಷೆ ಇದ್ದರೂ ಅರ್ಧ ಗಂಟೆಗೊಮ್ಮೆ ಕರೆ ಬರುವುದು ಅವಳಿಗೆ. ಯಂತ್ರ ನಿಲ್ಲಿಸಿ ಕಾರ್ಮಿಕನಿಂದ ಶುಚಿ ಮಾಡಿಸಿದ ಗಿರಣಿಯ ಆದಿತ್ಯವಾರಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ? ಇನ್ನೊಬ್ಬರ ಬಿಡುವನ್ನು ತಿಂದು ಬೆಳೆದ ಬಿಡುವು ನಿಜವಾದ ಬಿಡುವಲ್ಲ. ಹಳ್ಳಿಯ ಸೋಮವಾರದ ಹಿರಿಮೆ ಇದ್ದದ್ದು ಅದು ಮೊದಲು ಎತ್ತಿಗೆ ಸಲ್ಲುತ್ತಿತ್ತು ಎಂಬುದರಲ್ಲಿ. ಮಾತಾಡಲಾರದ, ಕೇಳಲಾರದ ಜೀವಕ್ಕೆ ಮೊದಲ ಬಿಡುವು. ಮನೆಯಲ್ಲಿ ಕೇಳದೆ ದುಡಿಯುವವರು ಯಾರು ಎಂದು ನೋಡಿ ಅಲ್ಲಿಂದ ಆರಂಭಿಸಿದರೆ, ಉಳಿದವರ ಆದಿತ್ಯವಾರಕ್ಕೂ ಒಂದು ಅರ್ಥ ಬರುತ್ತದೆ.

ಅಭ್ಯಾಸಕ್ಕೆ

(1) ರಜೆ, ಪುರುಸೊತ್ತು, ಸೂಟಿ, ಬಿಡುವು, ವಿರಾಮ, ವಿಶ್ರಾಂತಿ: ಇವುಗಳಲ್ಲಿ ನಿಮ್ಮ ಮನೆಯಲ್ಲಿ ಬಳಕೆಯಲ್ಲಿರುವ ಮಾತುಗಳು ಯಾವುವು? ಪ್ರತಿಯೊಂದನ್ನೂ ಯಾವ ಕ್ರಿಯಾಪದದೊಂದಿಗೆ ಬಳಸುತ್ತೀರಿ? (ಸಿಗು, ಕೇಳು, ಮಾಡಿಕೊಳ್ಳು, ಇರು.) ಅದರಿಂದ ಏನು ತಿಳಿಯುತ್ತದೆ?

(2) ನಿಮ್ಮ ಊರಿನಲ್ಲಿ ಕೆಲಸ ಮಾಡಬಾರದೆಂಬ ದಿನಗಳು ಯಾವುವು? ಹಿರಿಯರನ್ನು ಕೇಳಿ ಪಟ್ಟಿ ಮಾಡಿ. ಅಂದು ಯಾರಿಗೆ ಬಿಡುವು, ಯಾರಿಗೆ ಇಲ್ಲ?

(3) 1884ರ ಅರ್ಜಿಯಲ್ಲಿ ಕೂಲಿ ಹೆಚ್ಚಿಸುವ ಮಾತು ಏಕೆ ಇಲ್ಲದಿರಬಹುದು? ಚರ್ಚಿಸಿ.

(4) ನಿಮ್ಮ 168 ಗಂಟೆಗಳ ಲೆಕ್ಕ ಬರೆಯಿರಿ. ಬಿಡುವಿನ ಆರು ಗಂಟೆಯನ್ನು ಮೊದಲು ಬರೆದು ಆಮೇಲೆ ಉಳಿದದ್ದನ್ನು ತುಂಬಿರಿ.

(5) ಅದೇ ಹಾಳೆಯ ಹಿಂಬದಿಯಲ್ಲಿ ನಿಮ್ಮ ತಾಯಿಯ 168 ಗಂಟೆಗಳ ಲೆಕ್ಕ ಬರೆಯಿರಿ. ಊಹಿಸಿ ಬರೆಯಬೇಡಿ, ಪಕ್ಕದಲ್ಲಿ ಕೂತು ಕೇಳಿ ಬರೆಯಿರಿ. ಎರಡು ಬದಿಗಳನ್ನು ಹೋಲಿಸಿ, ಯಾವ ಕೆಲಸ ಆ ಬದಿಯಿಂದ ಈ ಬದಿಗೆ ಬರಬೇಕೆಂದು ಗುರುತು ಹಾಕಿ, ಬರುವ ಆದಿತ್ಯವಾರದಿಂದಲೇ ಆರಂಭಿಸಿ.